ನನ್ನ ಬಾಯಿಗೆ ಬಾರದ ಹಾಡು

ನಮ್ಮ ಮನೆಯಲ್ಲಿ ಹಾಡುಗಳು ಪಾಸಾಗುತ್ತಿದ್ದವು, ಇಲ್ಲವೇ ಫೇಲಾಗುತ್ತಿದ್ದವು. ತೀರ್ಪು ಹೇಳುತ್ತಿದ್ದುದು ನನ್ನ ಬಾಯಿ. ಅಪ್ಪ ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು. ಕಂಪನಿ ಆಡುವ ನಾಟಕಗಳ ಹಾಡುಗಳಿಗೆಲ್ಲ ಮಟ್ಟು ಕಟ್ಟುವವನೂ ಅವನೇ. ಹೊಸ ಹಾಡೊಂದು ತಯಾರಾದ ಮರುದಿನ ಬೆಳಿಗ್ಗೆ ಅವನು ಕಾಫಿ ಲೋಟ ಹಿಡಿದು ನಡುಮನೆಯಲ್ಲಿ ಕೂರುತ್ತಿದ್ದ. ಹಾರ್ಮೋನಿಯಂ ಮುಟ್ಟುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಕಿವಿಯೆಲ್ಲ ಅಂಗಳದ ಕಡೆಗೆ. ನಾನು ಕಸ ಗುಡಿಸುವಾಗಲೋ ಪಾತ್ರೆಗೆ ಬೂದಿ ಹಚ್ಚಿ ಉಜ್ಜುವಾಗಲೋ ಹಿಂದಿನ ದಿನದ ಆ ಹಾಡು ತಾನಾಗಿ ನನ್ನ ಬಾಯಿಗೆ ಬಂದರೆ ಒಳಗಿನಿಂದ ‘ಪಾಸ್!’ ಎಂದು ಕೂಗುತ್ತಿದ್ದ. ಮೂರು ಬೆಳಗಿನೊಳಗೆ ಬಾರದಿದ್ದರೆ ಹಾಡು ಫೇಲು. ಬರೆದವರು ಬೇರೆ ಬರೆಯಬೇಕು. ಯಾರೂ ನನಗೆ ಎತ್ತಿಕೊಡಬಾರದು, ಹಾಡು ಎನ್ನಬಾರದು, ಇದು ಕಾನೂನು. ಕಂಪನಿಯ ಯಜಮಾನರು ಕೂಡ ತಾಲೀಮು ಶುರು ಮಾಡುವ ಮೊದಲು ಕೇಳುತ್ತಿದ್ದುದು ಒಂದೇ ಮಾತು.

‘ಮೇಷ್ಟ್ರೇ, ಮಗು ಹಾಡ್ತಾ?’

ನಮ್ಮ ಮನೆ ಯಶವಂತಪುರ ಸ್ಟೇಷನ್ನಿನ ಹಿಂದೆ ಇತ್ತು. ಹೆಂಚಿನ ಮನೆ, ಮೂರು ಕೋಣೆ, ಹಿತ್ತಿಲಲ್ಲಿ ಸೇದುವ ಬಾವಿ. ಗೂಡ್ಸ್ ಗಾಡಿ ಹಿಂದೆ ಮುಂದೆ ಆಡುವಾಗೆಲ್ಲ ಗೋಡೆಯ ಮೇಲಿನ ದೇವರ ಪಟಗಳು ಕಟಕಟ ಎನ್ನುತ್ತಿದ್ದವು. ಎಂಜಿನ್ ಕೂಗಿದರೆ ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು. ಅದರ ಶ್ರುತಿ ಅವನ ಹಾರ್ಮೋನಿಯಂಗೆ ಕೂಡುತ್ತಿರಲಿಲ್ಲವಂತೆ. ಕಾಲಲ್ಲಿ ತುಳಿಯುವ ಆ ದೊಡ್ಡ ಹಾರ್ಮೋನಿಯಂ ನಡುಮನೆಯನ್ನು ಅರ್ಧ ನುಂಗಿತ್ತು. ಪಕ್ಕದ ಸಣ್ಣ ಕೋಣೆಗೆ ಕವಿಗಳ ಕೋಣೆ ಎಂದು ಹೆಸರು. ಮೊದಲು ಅಲ್ಲಿ ರಾಗಿ ಮೂಟೆ, ಹುಣಸೆಹಣ್ಣಿನ ಮಡಕೆ ಇರುತ್ತಿದ್ದವು. ಹಾಡು ಬರೆಯುವವರು ಮನೆಯಲ್ಲೇ ಇದ್ದರೆ ಮಟ್ಟು ಮತ್ತು ಮಾತು ಬೇಗ ಒಂದಾಗುತ್ತವೆ ಎಂದು ಅಪ್ಪ ಮೂಟೆಗಳನ್ನು ಅಡುಗೆಮನೆಗೆ ತಳ್ಳಿದ. ಅಲ್ಲಿಂದ ಮುಂದೆ ಅಮ್ಮ ಮೂಟೆಗಳ ಸಂದಿಯಲ್ಲೇ ಮುದ್ದೆ ತೊಳಸುತ್ತಿದ್ದಳು. ನಾನು, ಅಮ್ಮ ಮಲಗುತ್ತಿದ್ದುದೂ ಅಲ್ಲೇ. ಮನೆಗೆ ಬಂದ ಕವಿಗಳಿಗೆ ಚಾಪೆ, ದಿಂಬು, ಕಿಟಕಿ ಎಲ್ಲ ಇತ್ತು.

ಮೊದಲು ಆ ಕೋಣೆಗೆ ಬಂದವರು ಒಬ್ಬರು ಶಾಸ್ತ್ರಿಗಳು. ನಮ್ಮ ಮನೆಯ ಒಲೆಯ ಮೇಲೆ ಬೆಂದದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಬಾಳೆಹಣ್ಣು, ಹಾಲು, ನೆನೆಸಿದ ಅವಲಕ್ಕಿ, ಅಷ್ಟೇ. ಅಮ್ಮನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಅಪ್ಪ ಅಬ್ಬಿಗೆರೆಯ ಒಕ್ಕಲು ಮನೆಯವನು, ನೇಗಿಲು ಬಿಟ್ಟು ಹಾರ್ಮೋನಿಯಂ ಹಿಡಿದವನು. ಶಾಸ್ತ್ರಿಗಳು ತನ್ನ ಮಟ್ಟಿಗೆ ಮಾತು ತುಂಬುತ್ತಾರೆ ಎನ್ನುವುದೇ ಅವನಿಗೆ ದೊಡ್ಡ ಬಿರುದಾಗಿತ್ತು. ಅಪ್ಪನ ಪದ್ಧತಿಯೇ ಹಾಗೆ: ಮೊದಲು ಮಟ್ಟು. ತನ್ನನ ತಾನನ ಎಂದು ಅವನು ಹಾಡಿ ತೋರಿಸಬೇಕು, ಆ ಅಚ್ಚಿಗೆ ಸರಿಯಾಗಿ ಕವಿಗಳು ಮಾತು ಸುರಿಯಬೇಕು. ಶಾಸ್ತ್ರಿಗಳು ಸುರಿದ ಮಾತುಗಳೋ, ಗಂಟಲಲ್ಲಿ ಹಲಸಿನ ಬೀಜ ಸಿಕ್ಕಿಕೊಂಡಂತೆ ನನ್ನ ಬಾಯಲ್ಲಿ ನಿಲ್ಲುತ್ತಿದ್ದವು. ಹತ್ತರಲ್ಲಿ ಏಳು ಫೇಲು. ಅವರು ಕಲ್ಲುಸಕ್ಕರೆ ಕೊಟ್ಟು ನೋಡಿದರು. ನಾನು ಕಲ್ಲುಸಕ್ಕರೆ ತಿಂದೆ, ಹಾಡು ಬರಲಿಲ್ಲ. ಕೊನೆಗೆ ಮಗುವಿನ ನಾಲಿಗೆಯೇ ದಪ್ಪ ಎಂದುಬಿಟ್ಟರು. ಅಮ್ಮ ಅಡುಗೆಮನೆಯಿಂದಲೇ ಹೇಳಿದಳು.

‘ಕುಣೀಲಾರ್ದವಳು ನೆಲ ಡೊಂಕು ಅಂದ್ಳಂತೆ.’

ಆ ವಾರವೇ ಶಾಸ್ತ್ರಿಗಳು ಹೊರಟುಹೋದರು. ಅವರ ವಿಷಯದಲ್ಲಿ ಅಪ್ಪ ಅನ್ಯಾಯ ಮಾಡಲಿಲ್ಲ. ಆ ಹಾಡುಗಳು ನಿಜಕ್ಕೂ ನನ್ನ ಬಾಯಿಗೆ ಬಂದಿರಲಿಲ್ಲ. ಇಷ್ಟೆಲ್ಲ ಓದಿದವರು ನನ್ನನ್ನು ಮುದ್ದಿನ ಮಗಳು, ಅಪ್ಪ ಸಂಗೀತದಲ್ಲೇ ಮುಳುಗಿಸಿ ಬೆಳೆಸಿದ ಎಂದುಕೊಂಡರೆ ತಪ್ಪು. ಅಪ್ಪ ನನಗೆ ಒಂದು ಸ್ವರ ಹೇಳಿಕೊಡಲಿಲ್ಲ. ಕಂಪನಿಯ ಹುಡುಗರು ಬಂದು ಎದುರು ಕೂತು ಸರಳೆ ಕಲಿಯುತ್ತಿದ್ದರೆ ನಾನು ಬಾಗಿಲ ಹಿಂದೆ ನಿಂತು ಬೆರಳು ಆಡಿಸುತ್ತಿದ್ದೆ. ಅವನು ಸ್ನಾನಕ್ಕೆ ಹೋದಾಗ ಒಂದು ಸಲ ಮನೆ ಮುಟ್ಟಿದ್ದಕ್ಕೆ, ಹಾರ್ಮೋನಿಯಂ ಮನೆಯನ್ನು ಹೇಳುತ್ತಿದ್ದೇನೆ, ಆ ಬಿಳಿ ಪಟ್ಟಿಗಳನ್ನು, ಒದ್ದೆ ಕೈಯಲ್ಲೇ ಬಂದು ಕಪಾಳಕ್ಕೆ ಬಿಟ್ಟ. ಕಲಿತರೆ ನಾಳೆ ಬಣ್ಣ ಹಚ್ಚಿಕೊಂಡು ಸ್ಟೇಜ್ ಹತ್ತುತ್ತೇನೆ ಅಂತ ಅವನ ಭಯ. ಸ್ಟೇಜಿನಿಂದಲೇ ಅನ್ನ ತಿನ್ನುವ ಮನೆಯಲ್ಲಿ ಸ್ಟೇಜೆಂದರೆ ಅಷ್ಟು ಹೇಸಿಗೆ. ಅವನಿಗೆ ನನ್ನ ಬಾಯಿ ಬೇಕಿತ್ತು, ನಾನು ಬೇಕಿರಲಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ರಂಗಸ್ವಾಮಿ ಬಂದ. ಎಲ್ಲರಿಗೂ ಅವನು ರಂಗಣ್ಣ, ನನಗೆ ರಂಗಣ್ಣ ಮಾಮ. ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತ, ಹೆಂಡತಿ ಮಕ್ಕಳಿಲ್ಲ. ಸಂಜೆ ನಮ್ಮ ಕಿಟಕಿಯ ಹೊರಗೆ ನಿಂತು ಅಪ್ಪನ ಮಟ್ಟು ಕೇಳುತ್ತಿದ್ದವನು ಒಂದು ದಿನ ಒಳಗೆ ಬಂದು, ರೈಲ್ವೆಯ ಹಳೇ ಚೀಟಿಯ ಬೆನ್ನಿಗೆ ಬರೆದ ನಾಲ್ಕು ಸಾಲು ಓದಿ ತೋರಿಸಿದ. ಅಪ್ಪ ಮೂಗು ಮುರಿದ. ಮರುದಿನ ಬೆಳಿಗ್ಗೆ ಆ ನಾಲ್ಕು ಸಾಲು ನೀರು ಸೇದುವಾಗ ನನ್ನ ಬಾಯಲ್ಲಿದ್ದವು. ಅಪ್ಪ ಕಾಫಿ ಕೆಳಗಿಟ್ಟ. ಆ ತಿಂಗಳೇ ರಂಗಣ್ಣ ತನ್ನ ಟ್ರಂಕಿನ ಜೊತೆ ಕವಿಗಳ ಕೋಣೆಗೆ ಬಂದ. ಬಂದ ದಿನವೇ ಅಡುಗೆಮನೆಯ ಹೊಸಿಲ ಮೇಲೆ ತಟ್ಟೆ ಇಟ್ಟುಕೊಂಡು ಕೂತು, ಬಸ್ಸಾರು ಎರಡು ಸಲ ಹಾಕಿಸಿಕೊಂಡು, ಬೆರಳು ನೆಕ್ಕಿದ.

‘ಅಕ್ಕಾ, ಈ ಸಾರಿಗೆ ಯಾರಾದ್ರೂ ಮಟ್ಟು ಹಾಕ್ಬೇಕು ಕಣಕ್ಕಾ.’

ಅಮ್ಮ ನಕ್ಕಿದ್ದನ್ನು ನಾನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಅವನು ಆ ಹೊಸಿಲ ಮೇಲೆ ಕೂತೇ ಬರೆಯುತ್ತಿದ್ದ. ಅಮ್ಮ ಒಲೆ ಊದುತ್ತಾ ಬೈದದ್ದು, ಪಕ್ಕದ ಮನೆಯ ಅಜ್ಜಿ ಮಗನಿಗೆ ಶಾಪ ಹಾಕಿದ್ದು, ನಾನು ಕೊಡ ಹೊತ್ತು ಗೊಣಗಿದ್ದು, ಎಲ್ಲ ಅವನ ಚೀಟಿಯ ಬೆನ್ನಿಗೆ ಹೋಗುತ್ತಿತ್ತು. ಒಂದೇ ತೊಡಕು ಎಂದರೆ ತನ್ನನ ತಾನನಕ್ಕೆ ಮಾತು ತುಂಬುವುದು ಅವನಿಗೆ ಆಗುತ್ತಿರಲಿಲ್ಲ. ಮಾತು ಮೊದಲು ಹುಟ್ಟುತ್ತಿತ್ತು. ಅಪ್ಪನೇ ಮಟ್ಟನ್ನು ಬಗ್ಗಿಸಬೇಕು, ಎಳೆಯಬೇಕು, ಮೊಟಕು ಮಾಡಬೇಕು. ಹಾಡು ಚೆನ್ನಾಗಿ ಬರುತ್ತಿತ್ತು, ಅದನ್ನು ಅಪ್ಪ ಒಪ್ಪುತ್ತಿದ್ದ. ಆದರೆ ಊಟಕ್ಕೆ ಕೂತಾಗ ಗುರುಗುಟ್ಟುತ್ತಿದ್ದ.

‘ಮಟ್ಟು ಗಂಡ, ಮಾತು ಹೆಂಡ್ತಿ. ಗಂಡ ಓಗಿ ಹೆಂಡ್ತಿ ಹಿಂದೆ ನಡುದ್ರೆ ಊರು ನಗಲ್ವಾ?’

‘ಹೆಂಡ್ತಿಗೆ ದಾರಿ ಗೊತ್ತಿದ್ರೆ ಹಿಂದೆ ನಡೆಯೋಕೇನು ದಾಡಿ?’ ಎಂದಳು ಅಮ್ಮ.

ಅವತ್ತು ಅಪ್ಪ ಅರ್ಧ ಮುದ್ದೆ ಬಿಟ್ಟು ಎದ್ದ. ಎರಡು ವರ್ಷ ಹೀಗೇ ನಡೆಯಿತು. ಅವರಿಬ್ಬರು ಕೂಡಿ ಮಾಡಿದ ಹಾಡುಗಳಲ್ಲಿ ಒಂದೂ ನನ್ನ ಬಾಯಲ್ಲಿ ಫೇಲಾಗಲಿಲ್ಲ. ಕಂಪನಿ ತುಮಕೂರಿನಲ್ಲಿ ಕ್ಯಾಂಪ್ ಹಾಕಿದ್ದಾಗ ನಾವೆಲ್ಲ ರೈಲಿನಲ್ಲಿ ನಾಟಕ ನೋಡಲು ಹೋದೆವು. ತಗಡಿನ ಥಿಯೇಟರ್ ತುಂಬಿ ಜನ ಹೊರಗೂ ನಿಂತಿದ್ದರು. ರಂಗಣ್ಣನ ಒಂದು ಹಾಡಿಗೆ ಮೂರು ಸಲ ಒನ್ಸ್ ಮೋರ್ ಬಿತ್ತು. ಯಜಮಾನರು ಸ್ಟೇಜಿನ ಮೇಲೆ ಬಂದು ‘ಈ ಪದ ಕಟ್ಟಿದೋರು ಎಲ್ಲಿ?’ ಎಂದು ರಂಗಣ್ಣನನ್ನು ಕರೆದು ಹಾರ ಹಾಕಿದರು. ಅಪ್ಪ ಸ್ಟೇಜಿನ ಕೆಳಗೆ ಹಾರ್ಮೋನಿಯಂ ಮುಂದೆ ಕೂತಿದ್ದ. ಹಾರ ಅವನ ತಲೆಯ ಮೇಲಿಂದ ಹಾದುಹೋಯಿತು. ಅದನ್ನಾದರೂ ಅವನು ಸಹಿಸುತ್ತಿದ್ದನೇನೋ. ಮರುದಿನ ವಾಪಸು ಬರುವ ರೈಲಿನಲ್ಲಿ ಕಡಲೆಕಾಯಿ ಮಾರುವ ಹೆಂಗಸೊಬ್ಬಳು ಎದುರಿನವಳಿಗೆ ಆ ಹಾಡಿನ ಸಾಲುಗಳನ್ನು ಸುಮ್ಮನೆ ಮಾತಿನಂತೆ ಹೇಳಿ ಕಣ್ಣೊರೆಸಿಕೊಂಡಳು. ಹಾಡಲಿಲ್ಲ, ಹೇಳಿದಳು. ಮಟ್ಟಿನ ಹಂಗಿಲ್ಲದೆ ಮಾತು ತಾನೇ ನಡೆದುಹೋಗುತ್ತಿತ್ತು. ಅಪ್ಪ ಮುಖ ಕಿಟಕಿಗೆ ತಿರುಗಿಸಿದವನು ಯಶವಂತಪುರ ಬರುವವರೆಗೆ ಈ ಕಡೆ ನೋಡಲಿಲ್ಲ.

ಮುಂದಿನ ನಾಟಕದಲ್ಲಿ ಮದುವೆಯಾದ ಹುಡುಗಿ ತವರಿನಿಂದ ಹೊರಡುವ ಸನ್ನಿವೇಶವಿತ್ತು. ಒಂದು ಭಾನುವಾರ ಮಧ್ಯಾಹ್ನ ರಂಗಣ್ಣ ಅಡುಗೆಮನೆಯ ಹೊಸಿಲಿನಿಂದ ಎದ್ದು ನಡುಮನೆಗೆ ಹೋಗಿ ಚೀಟಿಯನ್ನು ಅಪ್ಪನ ಮುಂದಿಟ್ಟ.

ಹೋಗಿ ಬರ್ತೀನಿ ಒಲೆಯೇ, ಬೆಂಕಿ ಆರದೆ ಇರು,
ಹಂಡೆ ತುಂಬಿಸಿ ಇಟ್ಟೆ, ಅಮ್ಮನ ಬೆನ್ನಿಗೆ ನೀರು.
ಹೊಸಿಲೇ, ನನ್ನ ಹೆಜ್ಜೆಯ ಗುಟ್ಟು ಯಾರಿಗೂ ಒಪ್ಪಿಸಬೇಡ,
ನಾನು ತಿರುಗಿ ನೋಡಿದೆನೆಂದು ಅಪ್ಪಗೆ ತಿಳಿಸಬೇಡ.

ಅಮ್ಮನಿಗೆ ಬೆನ್ನುನೋವು. ಸ್ಕೂಲಿಗೆ ಹೋಗುವ ಮುಂಚೆ ಹಂಡೆ ತುಂಬಿಸಿಡುತ್ತಿದ್ದವಳು ನಾನು. ಮನೆಯಲ್ಲಿ ಅದನ್ನು ಯಾರೂ ಕಂಡವರಲ್ಲ, ಈ ಮಹಾರಾಯ ಕಂಡಿದ್ದ. ಅಪ್ಪ ಚೀಟಿ ಓದಿದ. ಕಾಲು ತುಳಿಯಲು ಶುರು ಮಾಡಿತು. ಅರ್ಧ ಗಂಟೆಯಲ್ಲಿ ಮಟ್ಟು ಕೂತುಬಿಟ್ಟಿತು. ಅಂಥ ಮಟ್ಟು ಅವನು ಹಿಂದೆ ಕಟ್ಟಿರಲಿಲ್ಲ, ಮುಂದೆಯೂ ಕಟ್ಟಲಿಲ್ಲ. ಕೊನೆಯ ಸಾಲಿಗೆ ಬಂದಾಗ ಅವನ ದನಿ ಒಡೆಯಿತು, ಕೆಮ್ಮಿದಂತೆ ಮಾಡಿ ಮುಚ್ಚಿಕೊಂಡ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ರಂಗಣ್ಣ ಮಾತ್ರ ಪರೀಕ್ಷೆ ಬರೆದ ಹುಡುಗನ ಹಾಗೆ ನನ್ನ ಮುಖ ನೋಡಿದ.

‘ನಾಳೆ ಬೆಳಿಗ್ಗೆ ನೋಡೋಣ ಪುಟ್ಟಿ. ನೀನು ಹೂಂ ಅಂದ್ರೆ ನನ್ ಜನ್ಮ ಸಾರ್ಥಕ.’

ಅಂದು ಸಂಜೆ ನಾನು ಬಾವಿಯ ಹತ್ತಿರ ಹಗ್ಗ ಸುತ್ತುತ್ತಿದ್ದಾಗ ಅಪ್ಪ ಬಂದ. ಅವನು ಬಾವಿಕಟ್ಟೆಗೆ ಬರುವವನೇ ಅಲ್ಲ. ನನ್ನ ತಲೆ ನೇವರಿಸಿದ. ಅದೂ ಅವನ ಅಭ್ಯಾಸವಲ್ಲ.

‘ನಿಂಗೆ ಸ್ವರ ಕಲೀಬೇಕು ಅಂತ ಆಸೆ ಅಲ್ವೇನೇ?’

‘ಹೂಂ.’

‘ಹೇಳ್ಕೊಡ್ತೀನಿ. ಬರೋ ಶುಕ್ರವಾರ ಶುರು ಮಾಡೋಣ. ಆದ್ರೆ ಒಂದು ಮಾತು. ಇವತ್ತಿನ ಹಾಡು ಮೂರು ದಿನ ನಿನ್ನ ಬಾಯಿಗೆ ಬರ್ಬಾರ್ದು.’

‘ಬಂದ್ಬಿಟ್ರೆ?’

‘ಬಾರ್ದಂಗೆ ನೋಡ್ಕೋ. ಅಮ್ಮಂಗೆ ಹೇಳ್ಬೇಡ.’

ನನಗೆ ಹನ್ನೊಂದು ವರ್ಷ. ಏನೂ ತಿಳಿಯದ ವಯಸ್ಸು ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ನನಗೆ ತಿಳಿದಿತ್ತು. ಹಾಡು ಫೇಲಾದರೆ ರಂಗಣ್ಣ ಮಾಮನಿಗೆ ಏನಾಗುತ್ತದೆ ಎಂದು ಶಾಸ್ತ್ರಿಗಳನ್ನು ಕಂಡವಳಿಗೆ ತಿಳಿಯದೇ? ತಿಳಿದೂ ನಾನು ಹಾರ್ಮೋನಿಯಂ ನೆನೆದೆ. ನನ್ನ ಬೆರಳು ಆ ಬಿಳಿ ಮನೆಗಳ ಮೇಲೆ ಓಡುವುದನ್ನು ನೆನೆದು ಹೂಂ ಎಂದೆ. ಮರುದಿನ ಬೆಳಿಗ್ಗೆ ಏಳುವಾಗಲೇ ಹಾಡು ಗಂಟಲಿನ ತುದಿಗೆ ಬಂದು ಕೂತಿತ್ತು. ಬಾಯಿ ಕಟ್ಟಲೆಂದು ಹುಣಸೆ ಮಡಕೆಯಿಂದ ಮೂರು ಬೀಜ ತೆಗೆದು ಬಾಯಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದೆ. ಪೊರಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಜಗಲಿಯ ಮೇಲೆ ರಂಗಣ್ಣ ಕಾಫಿ ಲೋಟ ಹಿಡಿದು ಕೂತಿದ್ದ. ಎರಡನೇ ದಿನವೂ ಹಾಗೇ. ಮೂರನೇ ದಿನ ಅವನು ಗೂಡ್ಸ್ ಷೆಡ್ಡಿಗೆ ರಜೆ ಹಾಕಿ ಕೂತಿದ್ದ. ಪಾತ್ರೆ ಉಜ್ಜುತ್ತಾ ಉಜ್ಜುತ್ತಾ ನನ್ನ ಕಣ್ಣಲ್ಲಿ ನೀರು ಸುರಿಯಿತು, ಹಲ್ಲು ಕಚ್ಚಿಕೊಂಡೆ, ಒಂದು ಬೀಜ ನುಂಗಿಯೇಬಿಟ್ಟೆ. ಅಮ್ಮ ತಡೆಯಲಾರದೆ ಒಲೆಯ ಮುಂದಿನಿಂದ ‘ಹೋಗಿ ಬರ್ತೀನಿ ಒಲೆಯೇ’ ಎಂದು ಮೆಲ್ಲಗೆ ಎತ್ತಿದಳು. ಮೂರು ದಿನದಿಂದ ಅವಳ ಬಾಯಲ್ಲಿ ಅದೇ ಇತ್ತೆಂದು ಆಗ ಗೊತ್ತಾಯಿತು.

‘ಎತ್ತಿಕೊಡ್ಬಾರ್ದು ಕಣೇ!’ ಎಂದು ಒಳಗಿನಿಂದ ಅಪ್ಪ ಗದರಿದ. ‘ನಿನ್ ಬಾಯಿ ಯಾರು ಕೇಳಿದ್ರು ಇಲ್ಲಿ?’

ಕಾಫಿ ಮುಗಿಸಿ ಲೋಟ ಬೋರಲು ಹಾಕಿ ಅಪ್ಪ ಹೊರಗೆ ಬಂದ. ‘ಏನ್ ಮಾಡೋದು ರಂಗಸ್ವಾಮಿ, ಫೇಲಾಯ್ತಲ್ಲ’ ಎಂದ. ಜಗಳವಾಗುತ್ತದೆ, ರಂಗಣ್ಣ ಕೂಗಾಡುತ್ತಾನೆ, ಆಗ ನಾನು ನಿಜ ಹೇಳಿಬಿಡುತ್ತೇನೆ ಎಂದು ಕಾದೆ. ಅವನು ಕೂಗಾಡಲಿಲ್ಲ. ನನ್ನ ಕಡೆ ನೋಡಿ ತಲೆಯಾಡಿಸಿದ.

‘ಮಗು ಬಾಯಿ ಸುಳ್ಳಾಡಲ್ಲ ಮೇಷ್ಟ್ರೇ. ನಾನೇ ಚೆನ್ನಾಗಿ ಬಂದಿದೆ ಅಂತ ಮೆರೀತಿದ್ದೆ. ನಂದು ತೀರ್ತು ಅನ್ಸುತ್ತೆ.’

ಆ ಸಂಜೆ ಟ್ರಂಕು ಹೊತ್ತು ಹೋದ. ಹೊಸಿಲ ಮೇಲೆ ತಟ್ಟೆ ಇಟ್ಟು ಅಮ್ಮ ಕರೆದಳು, ‘ಹಸಿವಿಲ್ಲಕ್ಕಾ’ ಎಂದ. ಹಸಿವಿಲ್ಲ ಎಂದು ಅವನು ಹೇಳಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ. ಮರುದಿನ ಅಮ್ಮ ಅಂಗಳದ ಮೂಲೆಯಲ್ಲಿ ನಾನು ಉಗುಳಿದ್ದ ಹುಣಸೆ ಬೀಜಗಳನ್ನು ಆರಿಸಿ, ತೊಳೆದು, ನನ್ನ ತಟ್ಟೆಯ ಪಕ್ಕ ಇಟ್ಟಳು. ನಾನು ಅವತ್ತು ಉಣ್ಣಲಿಲ್ಲ.

ಶುಕ್ರವಾರ ಬಂತು. ತಲೆಗೆ ಎರೆದುಕೊಂಡು, ಹಸಿರು ಪಾವಡೆ ಉಟ್ಟು, ಹಾರ್ಮೋನಿಯಂ ಮುಂದೆ ಕಾಲು ಮಡಿಸಿ ಕೂತೆ. ‘ಮುಂದಿನ ಶುಕ್ರವಾರ’ ಎಂದ ಅಪ್ಪ. ಮುಂದಿನ ಶುಕ್ರವಾರ ಅವನಿಗೆ ತಲೆನೋವು. ಅದರ ಮುಂದಿನ ಶುಕ್ರವಾರ ಬಾಯಿಬಿಟ್ಟೇ ಹೇಳಿದ: ‘ಹೆಣ್ ಮಕ್ಳಿಗೆ ಇದೆಲ್ಲ ಯಾಕೆ? ಓಗು, ಅಮ್ಮಂಗೆ ಕೆಲ್ಸ ಮಾಡ್ಕೊಡು.’ ಕವಿಗಳ ಕೋಣೆಗೆ ಪೇಟೆಯಿಂದ ಇನ್ನೊಬ್ಬರು ಬಂದರು. ಸಿನಿಮಾಕ್ಕೆ ಬರೆಯುವ ಆಸೆಯವರು, ಬೆಳಿಗ್ಗೆ ಒಂದು ಇಸ್ತ್ರಿ ಅಂಗಿ, ಸಂಜೆ ಒಂದು ಇಸ್ತ್ರಿ ಅಂಗಿ. ಅಪ್ಪ ತನ್ನನ ತಾನನ ಎಂದು ಹಾಡಿ ತೋರಿಸಿದ್ದೇ ತಡ, ರಂಗಣ್ಣನ ಹಾಡಿಗೆ ಕಟ್ಟಿದ್ದ ಆ ಮಟ್ಟಿಗೆ ‘ಗೃಹಲಕ್ಷ್ಮಿ’, ‘ಪುಣ್ಯದೀಪ’ ಎಂದೇನೇನೋ ಸುರಿದುಕೊಟ್ಟರು. ನಾನು ಎಂದಿನಂತೆ ಬೆಳಿಗ್ಗೆ ಅಂಗಳಕ್ಕೆ ಇಳಿದರೆ ನಡುಮನೆಯಲ್ಲಿ ಅಪ್ಪ ಕೂತಿರಲೇ ಇಲ್ಲ. ಪರೀಕ್ಷೆ ನಿಂತುಹೋಗಿತ್ತು. ನನ್ನ ಬಾಯಿಗೆ ಸುಳ್ಳು ಕಲಿಸಿದವನೇ ಅವನು, ಇನ್ನು ಅದನ್ನು ಹೇಗೆ ನಂಬುತ್ತಾನೆ?

ಅಂಥ ಹಾಡು ಬಿದ್ದುಹೋಗಬೇಕಿತ್ತು ಎಂದು ನಿಮಗೂ ಅನ್ನಿಸಬಹುದು. ಬೀಳಲಿಲ್ಲ. ಎರಡು ಸಲ ಒನ್ಸ್ ಮೋರ್ ಬಂತಂತೆ. ಈ ಸಲ ಹಾರ ಅಪ್ಪನ ಕೊರಳಿಗೇ ಬಿತ್ತು, ಅದನ್ನು ತಂದು ಗೋಡೆಯ ಮೊಳೆಗೆ ಹಾಕಿ ‘ನೋಡಿದ್ಯಾ? ಗೆದ್ದಿದ್ದು ಮಟ್ಟು’ ಎಂದ. ಅಮ್ಮ ‘ಹೂಂ, ಗೆಲ್ಲಲಿ’ ಎಂದಳು ಅಷ್ಟೇ. ಹಾರ ಒಣಗಿ ಉದುರಿದ ಎಸಳುಗಳನ್ನು ದಿನವೂ ನಾನೇ ಗುಡಿಸುತ್ತಿದ್ದೆ. ಇಸ್ತ್ರಿಯವರು ಹೋದರು, ಮತ್ತೊಬ್ಬರು ಬಂದರು, ಅವರೂ ಹೋದರು. ಯಾರ ಜೊತೆಗೂ ಅಪ್ಪನಿಗೆ ವರ್ಷ ತುಂಬಲಿಲ್ಲ. ಸಿನಿಮಾ ಟೆಂಟುಗಳು ಹೆಚ್ಚಿದವು, ನಾಟಕಕ್ಕೆ ಜನ ಕಡಿಮೆಯಾದರು, ಒಂದು ದಿನ ಯಜಮಾನರು ತಗಡು ಕಂಬ ಎಲ್ಲ ಮಾರಿ ಕಂಪನಿ ಮುಚ್ಚಿದರು. ಕವಿಗಳ ಕೋಣೆಗೆ ರಾಗಿ ಮೂಟೆಗಳು ವಾಪಸು ಹೋದವು. ಅಪ್ಪ ಅಬ್ಬಿಗೆರೆ, ಚಿಕ್ಕಬಾಣಾವರದ ಕಡೆ ಊರಿನ ಹುಡುಗರಿಗೆ ನಾಟಕ ಕಲಿಸಲು ಹೋಗತೊಡಗಿದ. ‘ಮೇಷ್ಟ್ರೇ, ನಿಮ್ ಮಟ್ಟೆಲ್ಲ ಬ್ಯಾಡ, ಆ ಸಿನಿಮಾ ಮಟ್ಟೇ ಆಕ್ಕೊಡಿ’ ಎಂದು ಹುಡುಗರು ಹೇಳುತ್ತಿದ್ದರಂತೆ. ಹಾಗೆ ಬೇರೆಯವರ ಮಟ್ಟಿಗೆ ತನ್ನ ಕೈಯಾರೆ ಮಾತು ತುಂಬುವ ಗತಿ ಅವನಿಗೇ ಬಂತು. ಮಾಡಿದ್ದುಣ್ಣೋ ಮಹಾರಾಯ ಎಂದು ಅಮ್ಮ ಬಾಯಿಬಿಟ್ಟು ಹೇಳಲಿಲ್ಲ, ಮುದ್ದೆ ಬಡಿಸುವಾಗ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ನನಗೆ ಹದಿನೇಳಾಗಿದ್ದಾಗ ಚಿಕ್ಕಬಾಣಾವರದಲ್ಲಿ ಅಪ್ಪನಿಗೆ ಜ್ವರ ಬಂದು ಮಲಗಿದ್ದಾನೆಂದು ಸುದ್ದಿ ಬಂತು. ಕರೆದುಕೊಂಡು ಬರಲು ನಾನು ರೈಲು ಹತ್ತಿದೆ. ಇಳಿದರೆ ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ರಂಗಣ್ಣ ಮಾಮ ನಿಂತಿದ್ದ. ಕಿವಿಯ ಹತ್ತಿರ ನರೆ, ಕೈಯಲ್ಲಿ ಸೀಮೆಸುಣ್ಣದ ಕಡ್ಡಿ, ವ್ಯಾಗನ್ನುಗಳ ಮೇಲೆ ನಂಬರು ಬರೆಯುತ್ತಿದ್ದ. ಅಲ್ಲಿಗೆ ವರ್ಗವಾಗಿ ಬಂದಿದ್ದನಂತೆ. ನನ್ನ ಗುರುತು ಹಿಡಿದು ಬೆಂಚಿನ ಮೇಲೆ ಕೂರಿಸಿ, ಮೊದಲು ಕೇಳಿದ್ದು ಅಮ್ಮನ ಬೆನ್ನುನೋವನ್ನು. ಈಗ ಬರೆಯುತ್ತೀರಾ ಎಂದೆ. ‘ಎಲ್ಲಿ ಬರೀತೀನಮ್ಮಾ, ಅವತ್ತೇ ಬಿಟ್ಟೆ’ ಎಂದು ಸುಣ್ಣದ ಕೈ ಪ್ಯಾಂಟಿಗೆ ಒರೆಸಿಕೊಂಡ. ಆರು ವರ್ಷದಿಂದ ಹೊತ್ತಿದ್ದದ್ದನ್ನು ನಾನು ಅಲ್ಲೇ ಇಳಿಸಿದೆ. ಬಾವಿಕಟ್ಟೆ, ಶುಕ್ರವಾರದ ಆಸೆ, ಹುಣಸೆ ಬೀಜ, ಒಂದನ್ನೂ ಬಿಡಲಿಲ್ಲ.

‘ಹಾಡು ಮೊದಲ್ನೇ ದಿನಾನೇ ಬಂದಿತ್ತು ಮಾಮ. ನಾನು ಬೇಕಂತ ಹಾಡ್ಲಿಲ್ಲ.’

ಅವನು ಕೇಳಿಸಿಕೊಂಡು ನಕ್ಕ. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ವಾಸಿ.

‘ಒಳ್ಳೇ ಹುಡುಗಿ ನೀನು, ಅಮ್ಮನ ಥರಾನೇ. ನಂಗೆ ಬೇಜಾರಾಗ್ಬಾರ್ದು ಅಂತ ಏನೇನೋ ಹೇಳ್ತಿದೀಯ. ಬಿಡು ಪುಟ್ಟಿ. ಚಿಕ್ಕೋಳಾಗಿದ್ದಾಗ ನಿನ್ ಬಾಯಲ್ಲಿ ಸುಳ್ಳು ಬರ್ತಿರ್ಲಿಲ್ಲ. ದೊಡ್ಡೋರಾದ್ಮೇಲೆ ನಾವೆಲ್ಲ ಕಲೀತೀವಿ.’

‘ಇಲ್ಲ ಮಾಮ, ದೇವರಾಣೆ.’

‘ಆಣೆ ಯಾಕಮ್ಮ ಹಾಕ್ತೀಯ? ನಂಗೇನೂ ಬೇಜಾರಿಲ್ಲ. ಮೇಷ್ಟ್ರನ್ನ ಹುಷಾರಾಗಿ ಕರ್ಕೊಂಡ್ ಹೋಗು.’

ಅವನೇ ಒಂದು ಗಾಡಿ ಗೊತ್ತು ಮಾಡಿ, ಅಪ್ಪನನ್ನು ಸ್ಟೇಷನ್ನಿಗೆ ತರಿಸಿ, ರೈಲಿನಲ್ಲಿ ಕೂರಿಸಿದ. ಕಿಟಕಿಯ ಹೊರಗೆ ನಿಂತು ಕೈಮುಗಿದ. ಅಪ್ಪ ಜ್ವರದ ಕಣ್ಣಿನಲ್ಲಿ ಅವನನ್ನು ನೋಡಿ ಕಂಬಳಿಯನ್ನು ಮುಖದವರೆಗೆ ಎಳೆದುಕೊಂಡ.

ಮರುದಿನ ಬೆಳಿಗ್ಗೆ ಪೊರಕೆ ಹಿಡಿದು ಅಂಗಳಕ್ಕೆ ಇಳಿದೆ. ಹಾಡಿದೆ. ಗುನುಗಲಿಲ್ಲ, ಬೀದಿಗೆ ಕೇಳುವಂತೆ, ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬರುವಂತೆ, ನಾಲ್ಕೂ ಸಾಲು ಹಾಡಿದೆ. ಅಡುಗೆಮನೆಯಲ್ಲಿ ಊದುಕೊಳವೆಯ ಸದ್ದು ನಿಂತಿತು. ‘ಅಪ್ಪಗೆ ತಿಳಿಸಬೇಡ’ ಎನ್ನುವಲ್ಲಿ ನನ್ನ ದನಿಯೂ ಒಡೆಯಿತು, ನಾನು ಕೆಮ್ಮಿ ಮುಚ್ಚಿಕೊಳ್ಳಲಿಲ್ಲ. ಹಾಡು ಮುಗಿಸಿ ಮತ್ತೆ ಪೊರಕೆ ಆಡಿಸಿದೆ. ಆಮೇಲೆ ನಡುಮನೆಯಿಂದ, ಕಂಬಳಿಯ ಒಳಗಿನಿಂದ, ಅಪ್ಪನ ಸಣ್ಣ ದನಿ ಬಂತು.

‘ಪಾಸ್.’

ಕೇಳಿಸಿಕೊಳ್ಳಬೇಕಾದವನು ಆ ಹೊತ್ತಿಗೆ ಚಿಕ್ಕಬಾಣಾವರದಲ್ಲಿ ವ್ಯಾಗನ್ನುಗಳ ಮೇಲೆ ನಂಬರು ಬರೆಯುತ್ತಿದ್ದ. ನಾನು ಉಳಿದ ಕಸ ಗುಡಿಸಿ, ಅಮ್ಮನಿಗೆ ಹಂಡೆ ತುಂಬಿಸಲು ಬಾವಿಯ ಕಡೆ ಹೋದೆ.